'ನಾಳೆ ಬಾ' ಎಂದರೆ ಕೇಳದ ದೆವ್ವ

ದೆವ್ವದ ಸಿನಿಮಾ ನೋಡಿ ಹೆದರುವುದಕ್ಕೂ ಒಂದು ವಯಸ್ಸು ಎನ್ನುತ್ತಾರೆ. ಆ ವಯಸ್ಸು ದಾಟಿದ ಮೇಲೆ ಬಿಳಿ ಸೀರೆ, ಕಿರ್ರೆನ್ನುವ ಬಾಗಿಲು, ನರಿಯ ಕೂಗು ಎಲ್ಲವೂ ನಗೆ ತರಿಸುತ್ತವೆ. ಆದರೆ ಒಂದು ಚಿತ್ರವನ್ನು ನಾನು ಮೂರು ವಯಸ್ಸಿನಲ್ಲಿ ಮೂರು ಸಲ ನೋಡಿದ್ದೇನೆ, ಮೂರು ಸಲವೂ ಹೆದರಿದ್ದೇನೆ. ಸೋಜಿಗವೆಂದರೆ ಪ್ರತಿ ಸಲವೂ ಹೆದರಿಸಿದ್ದು ಬೇರೆ ಬೇರೆ. ಆ ಚಿತ್ರ 1979ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ತೆರೆಕಂಡ, ರಿಡ್ಲಿ ಸ್ಕಾಟ್ ನಿರ್ದೇಶಿಸಿದ 'ಏಲಿಯನ್'. ಕನ್ನಡ-ಮಲಯಾಳದ ಈ ವಾರ್ಷಿಕದಲ್ಲಿ ರಾಯದುರ್ಗದ ಒಬ್ಬ ಬ್ಯಾಂಕ್ ಗುಮಾಸ್ತನಿಗೂ ಅಂತರಿಕ್ಷದ ರಾಕ್ಷಸನಿಗೂ ಏನು ಕೆಲಸ ಎಂದು ಓದುಗರು ಕೇಳಬಹುದು. ಕೆಲಸವಿದೆ. ಸ್ವಲ್ಪ ತಾಳ್ಮೆ ಬೇಕು.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಕಥೆ ನಿಮಗೆ ನಾನು ಹೇಳಬೇಕಾಗಿಲ್ಲ. ನಮ್ಮದು ಅದಕ್ಕಿಂತ ಮೂರು ವರ್ಷ ಹಿರಿಯ ಕಥೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಹಂಚುವಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಹೀಗಾಗಿ ನಮ್ಮ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಪೇಟೆಯಲ್ಲಿ ಎರಡೂ. ಇದರಿಂದ ನಷ್ಟವೂ ಉಂಟು, ಮೋಜೂ ಉಂಟು.

ಮೋಜಿನ ಒಂದು ಸಂಗತಿ ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ರಾತ್ರಿ ಹೊತ್ತು ಬಾಗಿಲು ತಟ್ಟುವ ಹೆಣ್ಣು ದೆವ್ವದ ಸುದ್ದಿ ಊರೂರಿಗೆ ಹಬ್ಬಿತ್ತು. ಪರಿಚಿತರ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಮುಗಿಯಿತು. ಉಪಾಯವೆಂದರೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುವುದು. ದೆವ್ವ ಅದನ್ನು ಓದಿಕೊಂಡು ಹೋಗಿ ಮರುದಿನ ಬಂದು ಮತ್ತೆ ಓದಿಕೊಂಡು ಹೋಗುತ್ತದೆ. ಕರ್ನಾಟಕದ ಕಡೆ ಕನ್ನಡದಲ್ಲಿ ಬರೆದರು, ಆಂಧ್ರದ ಕಡೆ 'ಓ ಸ್ತ್ರೀ ರೇಪು ರಾ' ಎಂದು ತೆಲುಗಿನಲ್ಲಿ ಬರೆದರು. ನಮ್ಮಜ್ಜಿ ಮಾತ್ರ ನನ್ನ ಕೈಲಿ ಸುಣ್ಣದಲ್ಲಿ ಎರಡರಲ್ಲೂ ಬರೆಸಿದಳು. "ಅದು ಯಾವ ಇಸ್ಕೂಲಿಗೆ ಹೋಗಿತ್ತೋ ಯಾರಿಗೆ ಗೊತ್ತು, ಎರಡೂ ಬರಿಯಪಾ" ಅಂದಳು.

ಇಂದು ಯೋಚಿಸಿದರೆ ಅಜ್ಜಿಯ ಮಾತಿನಲ್ಲಿ ನಮ್ಮ ಸೀಮೆಯ ದೆವ್ವಗಳ ಶಾಸ್ತ್ರವೆಲ್ಲ ಅಡಗಿದೆ ಅನ್ನಿಸುತ್ತದೆ. ನಮ್ಮ ದೆವ್ವಗಳಿಗೆ ಭಾಷೆಯಿದೆ, ಹೆಸರಿದೆ, ಒಂದು ದೂರಿದೆ. ನಿಮ್ಮ ಕಡೆಯ ಭೂತವಂತೂ ದೈವ. ನುಡಿ ಕೊಡುತ್ತದೆ, ನ್ಯಾಯ ತೀರಿಸುತ್ತದೆ. ತೆಯ್ಯವೂ ಎದುರು ನಿಂತವರನ್ನು ಮಾತನಾಡಿಸುತ್ತದೆ. 1964ರ ಮಲಯಾಳ ಚಿತ್ರ 'ಭಾರ್ಗವಿ ನಿಲಯಂ'ನಲ್ಲಿ ವೈಕಂ ಮುಹಮ್ಮದ್ ಬಷೀರರು ಸೃಷ್ಟಿಸಿದ ಸಾಹಿತಿ ಪಾಳುಮನೆಯ ಪ್ರೇತದ ಜೊತೆ ನೆರೆಮನೆಯವಳೊಂದಿಗೆ ಮಾತಾಡುವ ಹಾಗೆ ಮಾತಾಡುತ್ತಾನೆ. 'ಏಲಿಯನ್' ಬಂದ 1979ರಲ್ಲೇ ಕನ್ನಡದಲ್ಲಿ ಅನಂತನಾಗ್, ಲಕ್ಷ್ಮಿ ನಟಿಸಿದ 'ನಾ ನಿನ್ನ ಬಿಡಲಾರೆ' ಬಂತು; ಆ ಹೆಸರೇ ಪ್ರೇತದ ಆಸೆಯನ್ನು ಹೇಳುತ್ತದೆ. ಆಸೆಯಿದ್ದರೆ ಪರಿಹಾರವೂ ಇರುತ್ತದೆ. ಪೂಜೆಯೋ, ಮಂತ್ರವೋ, ಕ್ಷೇತ್ರದರ್ಶನವೋ, ಕೊನೆಗೆ ಸುಣ್ಣದ ಎರಡಕ್ಷರವೋ.

ಹೀಗೆ ಬೆಳೆದ ಹುಡುಗ ಪಿಯುಸಿ ಓದುವ ಕಾಲಕ್ಕೆ ಪಕ್ಕದ ಮನೆಯ ಕೇಬಲ್ ಟೀವಿಯಲ್ಲಿ ರಾತ್ರಿ 'ಏಲಿಯನ್' ನೋಡಿದೆ. ಇಂಗ್ಲಿಷ್ ಚಾನೆಲ್ಲು, ಅಡಿಬರಹವಿಲ್ಲ. ಕನ್ನಡಕ್ಕೆ ಡಬ್ಬಿಂಗ್ ಎಂಬುದು ಆಗ ದೂರದ ಮಾತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದನ್ನು ತಡೆಯುವುದು ಸರಿಯಲ್ಲ ಎಂದ ಮೇಲೆಯೇ ಆ ಬಾಗಿಲು ಮತ್ತೆ ತೆರೆದದ್ದು. ಸಂಭಾಷಣೆ ನನಗೆ ಕಾಲು ಭಾಗವೂ ತಿಳಿಯಲಿಲ್ಲ. ತಿಳಿಯುವ ಅಗತ್ಯವೂ ಬೀಳಲಿಲ್ಲ. ಏಳು ಜನ ಒಂದು ದೊಡ್ಡ ನೌಕೆಯಲ್ಲಿ ದೀರ್ಘ ನಿದ್ರೆಯಿಂದ ಏಳುತ್ತಾರೆ. ಎಲ್ಲಿಂದಲೋ ಸಂಕೇತ ಬರುತ್ತದೆ. ಒಂದು ನಿರ್ಜನ ನೆಲಕ್ಕೆ ಇಳಿಯುತ್ತಾರೆ. ಅಲ್ಲಿ ತೊಗಲಿನಂಥ ಮೊಟ್ಟೆಗಳು. ಒಂದರೊಳಗಿಂದ ಹಾರಿದ ಜೀವಿ ಒಬ್ಬನ ಮುಖಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಅದು ತಾನೇ ಬಿಟ್ಟುಹೋಗುತ್ತದೆ, ಆತ ಎದ್ದು ಕೂತು ನಗುತ್ತ ಊಟಕ್ಕೆ ಬರುತ್ತಾನೆ. ಊಟದ ನಡುವೆಯೇ ಅವನ ಎದೆ ಒಡೆದು ಇನ್ನೊಂದು ಜೀವಿ ಹೊರಬರುತ್ತದೆ.

ಆ ದೃಶ್ಯ ಸಿನಿಮಾ ಚರಿತ್ರೆಗೆ ಸೇರಿಹೋಗಿದೆ. ಎದೆಯೊಳಗಿಂದ ಏನೋ ಬರುತ್ತದೆಂಬುದು ನಟರಿಗೆ ಗೊತ್ತಿತ್ತು. ಅಷ್ಟು ರಕ್ತ ಚಿಮ್ಮುತ್ತದೆಂದು ಹೇಳಿರಲಿಲ್ಲ. ಆದ್ದರಿಂದ ಅವರ ಮುಖದ ಗಾಬರಿ ಪೂರ್ತಿ ನಟನೆಯಲ್ಲ. ಚಿತ್ರಕಥೆ ಬರೆದ ಡಾನ್ ಓಬ್ಯಾನನ್ ಕರುಳಿನ ದೀರ್ಘ ಕಾಯಿಲೆಯಿಂದ ನರಳಿದವರು, 2009ರಲ್ಲಿ ಅದರಿಂದಲೇ ತೀರಿಕೊಂಡವರು. ಹೊಟ್ಟೆಯೊಳಗೆ ಏನೋ ಕೂತು ಅಗಿಯುತ್ತಿದೆ ಎಂಬ ಅವರ ಸ್ವಂತ ನೋವೇ ಆ ದೃಶ್ಯಕ್ಕೆ ಬೀಜ. ಜೀವಿಯ ರೂಪವನ್ನು ಕಲ್ಪಿಸಿದವರು ಸ್ವಿಟ್ಜರ್ಲೆಂಡಿನ ಚಿತ್ರಕಾರ ಎಚ್. ಆರ್. ಗೀಗರ್. ಅದರ ವೇಷ ತೊಟ್ಟವನು ನೈಜೀರಿಯದ ಬೊಲಾಜಿ ಬಡೇಜೊ, ಸುಮಾರು ಏಳಡಿ ಎತ್ತರದ, ಲಂಡನ್ನಿನಲ್ಲಿ ಕಲೆ ಓದುತ್ತಿದ್ದ ಹುಡುಗ. ಆತ ಮತ್ತೆ ಯಾವ ಚಿತ್ರದಲ್ಲೂ ಕಾಣಿಸಿಕೊಳ್ಳಲಿಲ್ಲ.

ಸುಮಾರು ಎರಡು ಗಂಟೆಯ ಚಿತ್ರದಲ್ಲಿ ಆ ವೇಷ ಕಣ್ಣಿಗೆ ಬೀಳುವುದು ಕೆಲವೇ ನಿಮಿಷ. ಬಾಲ, ದವಡೆ, ನೆರಳು, ಅಷ್ಟೇ. ಈ ಗುಟ್ಟು ನಿಮಗೆ ಹೊಸತಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ ಒಮ್ಮೆಗೇ ರಂಗಕ್ಕೆ ನುಗ್ಗುವುದಿಲ್ಲ; ಹಿಡಿದ ತೆರೆಯ ಹಿಂದೆ ಅಬ್ಬರಿಸಿ ಚೂರುಚೂರಾಗಿ ಕಾಣಿಸಿಕೊಳ್ಳುತ್ತದೆ. ಕಥಕಳಿಯಲ್ಲಿ ಅದಕ್ಕೆ ತಿರನೋಟ್ಟಂ ಎಂದು ಹೆಸರೇ ಇದೆ. ಪ್ರೇಕ್ಷಕ ಕಾಣದ್ದನ್ನು ತಾನೇ ತುಂಬಿಕೊಳ್ಳುತ್ತಾನೆ. ವ್ಯತ್ಯಾಸವೆಂದರೆ 'ಏಲಿಯನ್' ಚಿತ್ರದ ತೆರೆ ಪೂರ್ತಿಯಾಗಿ ಸರಿಯುವುದೇ ಇಲ್ಲ. ಆ ರಾತ್ರಿ ಮನೆಗೆ ಬಂದು ಮಲಗಿದಾಗ ನನಗೆ ಹೊಳೆದದ್ದು ಇಷ್ಟು: ಇದಕ್ಕೆ 'ನಾಳೆ ಬಾ' ಎಂದು ಯಾವ ಭಾಷೆಯಲ್ಲಿ ಬರೆಯುವುದು? ಇದು ಓದುವುದಿಲ್ಲ. ಇದಕ್ಕೆ ದೂರಿಲ್ಲ, ದ್ವೇಷವೂ ಇಲ್ಲ.

ಎರಡನೆಯ ಸಲ ನೋಡಿದ್ದು 2008ರ ಸುಮಾರಿಗೆ, ಬಾಡಿಗೆ ಸೀಡಿಯಲ್ಲಿ. ಅಷ್ಟರಲ್ಲಿ ಬಿ.ಎ. ಮುಗಿಸಿ ಬ್ಯಾಂಕು ಸೇರಿದ್ದೆ, ಇಂಗ್ಲಿಷ್ ಒಂದಿಷ್ಟು ಕೈಗೆ ಹತ್ತಿತ್ತು. ಮೊದಲ ಸಲ ಕಿವಿಯ ಮೇಲೆ ಹಾದುಹೋದ ಮಾತುಗಳು ಈಗ ಒಳಗಿಳಿದವು. ಆ ಏಳು ಜನ ವೀರರಲ್ಲ, ವಿಜ್ಞಾನಿಗಳೂ ಅಲ್ಲ. ಅವರು ಅದಿರು ಸಾಗಿಸುವ ಕೂಲಿಗಳು! ನೌಕೆ ಎಳೆದೊಯ್ಯುತ್ತಿರುವುದು 2 ಕೋಟಿ ಟನ್ ಖನಿಜ. ನೌಕೆಯ ಹೆಸರು ನಾಸ್ಟ್ರೋಮೊ. ಜೋಸೆಫ್ ಕಾನ್ರಾಡ್ 1904ರಲ್ಲಿ ಬರೆದ, ಬೆಳ್ಳಿಯ ಗಣಿಯೊಂದರ ಸುತ್ತ ಹೆಣೆದ ಕಾದಂಬರಿಯ ಹೆಸರು ಅದು. ಎದ್ದ ಕೂಡಲೇ ಎಂಜಿನ್ ಕೋಣೆಯ ಇಬ್ಬರು ಎತ್ತುವ ಮೊದಲ ಜಗಳ ತಮ್ಮ ಪಾಲಿನ ಹಣ ಕಡಿಮೆಯೆಂಬುದು. ಅಪರಿಚಿತ ಸಂಕೇತದ ಕಡೆ ಹೋಗುವುದು ನಮ್ಮ ಕೆಲಸವಲ್ಲ ಎಂದು ಅವರು ತಕರಾರು ಮಾಡಿದಾಗ ಕರಾರುಪತ್ರದ ಒಂದು ಷರತ್ತನ್ನು ಓದಿ ಹೇಳಲಾಗುತ್ತದೆ: ಹೋಗದಿದ್ದರೆ ಪಾಲು ಪೂರ್ತಿ ಮುಟ್ಟುಗೋಲು. ಬ್ಯಾಂಕಿನವನಾದ ನನಗೆ ಆ ಜಾಗದಲ್ಲಿ ಮೈ ಜುಮ್ಮೆಂದಿತು. ಸಣ್ಣಕ್ಷರದ ಷರತ್ತುಗಳ ಬಲ ನನಗೆ ಗೊತ್ತು.

ನೌಕೆಯ ಗಣಕಯಂತ್ರಕ್ಕೆ ಅವರು ಇಟ್ಟ ಹೆಸರು 'ತಾಯಿ'. ನಾಯಕಿ ರಿಪ್ಲಿ ಕೊನೆಗೆ ತಾಯಿಯನ್ನೇ ಕೇಳುತ್ತಾಳೆ. ತಾಯಿ ಕಂಪನಿಯ ಗುಪ್ತ ಆದೇಶವನ್ನು ಪರದೆಯ ಮೇಲೆ ತೋರಿಸುತ್ತದೆ. ಸಾರಾಂಶವಿಷ್ಟೆ: ಆ ಜೀವಿಯನ್ನು ತರಬೇಕು, ಸಿಬ್ಬಂದಿ ಹೋದರೂ ಚಿಂತೆಯಿಲ್ಲ. ಜೊತೆಯಲ್ಲೇ ಇದ್ದ ವಿಜ್ಞಾನಾಧಿಕಾರಿ ಆಶ್ ಮನುಷ್ಯನೇ ಅಲ್ಲ, ಆ ಆದೇಶ ಪಾಲಿಸಲೆಂದು ಕಂಪನಿ ಇಟ್ಟ ಯಂತ್ರ.

ಅದೇ ಕಾಲದಲ್ಲಿ ನಮ್ಮ ರಸ್ತೆಗಳು ಹೇಗಿದ್ದವು ಎಂಬುದನ್ನು ಹೇಳಬೇಕು. ರಾಯದುರ್ಗ ಸೀಮೆಯ ಡಿ. ಹಿರೇಹಾಳ್ ಮಂಡಲದಲ್ಲಿ ಓಬಳಾಪುರವಿದೆ. ಅದರ ಆಚೆ ಬಳ್ಳಾರಿಯ ಗುಡ್ಡಗಳು. ಚೀನಾದಲ್ಲಿ ಕಬ್ಬಿಣದ ಅದಿರಿಗೆ ಬೆಲೆ ಏರಿದ ಆ ವರ್ಷಗಳಲ್ಲಿ ಹಗಲು ರಾತ್ರಿಯೆನ್ನದೆ ಲಾರಿಗಳ ಸಾಲು. ರಸ್ತೆಯ ಬೇವು, ಹುಣಸೆ, ಹೊಲದ ಶೇಂಗಾ, ಒಣಹಾಕಿದ ಬಟ್ಟೆ ಎಲ್ಲವೂ ಕೆಂಪು. ಎರಡು ರಾಜ್ಯಗಳ ಗಡಿಗುರುತುಗಳನ್ನೇ ಅಳಿಸಿದ್ದಾರೆಂಬ ದೂರು ನ್ಯಾಯಾಲಯದವರೆಗೂ ಹೋಯಿತು. 1953ರಲ್ಲಿ ಅಷ್ಟು ಕಣ್ಣೀರು ಹಾಕಿಸಿದ ಗಡಿ ಅದಿರಿನ ಮುಂದೆ ಧೂಳಾಯಿತಲ್ಲ ಎಂದು ಹಿರಿಯರು ನಗುತ್ತಿದ್ದರು. 2009ರಲ್ಲಿ ಸಿಬಿಐ ತನಿಖೆ ಬಂತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು.

ನಿಲ್ಲಬೇಕಾದದ್ದೇ. ಆದರೆ ನಿಂತಾಗ ಮೊದಲು ಬಿದ್ದವರು ಲಾರಿಯವರು. ನಮ್ಮ ಚಿಕ್ಕಪ್ಪ ಒಬ್ಬರ ಲಾರಿ ಓಡಿಸುತ್ತಿದ್ದ. ಬರುವಾಗ ಅವನ ರೆಪ್ಪೆಯೂ ಕೆಂಪು, ಉಗುಳೂ ಕೆಂಪು. ಕೆಮ್ಮು ಹೆಚ್ಚಾಗಿ ಕೆಲಸ ಬಿಟ್ಟಾಗ ಅವನ ಬಳಿ ತಾನು ದುಡಿದದ್ದಕ್ಕೆ ಒಂದು ಚೀಟಿಯೂ ಇರಲಿಲ್ಲ. ಮಾಲೀಕ ಗುತ್ತಿಗೆದಾರನನ್ನು ತೋರಿಸಿದ, ಗುತ್ತಿಗೆದಾರ ಮಾಲೀಕನನ್ನು ತೋರಿಸಿದ. "ನಾನು ಯಾರ ಆಳು ಅಂತ ಯಾರಿಗೂ ಗೊತ್ತಿಲ್ಲಪಾ" ಎಂದು ಚಿಕ್ಕಪ್ಪ ನಗುತ್ತಲೇ ಹೇಳುತ್ತಿದ್ದ.

ಸಾಲ ಮಾಡಿ ಸ್ವಂತ ಲಾರಿ ಕೊಂಡವರು ಬೇರೆ ಇದ್ದರು. ಅವರ ಗಾಡಿಗಳು ಬಯಲಿನಲ್ಲಿ ಸಾಲಾಗಿ ನಿಂತವು. ಕಂತು ಮಾತ್ರ ನಿಲ್ಲಲಿಲ್ಲ. ಬಾಕಿಯ ನೋಟೀಸುಗಳನ್ನು ಟೈಪು ಮಾಡಿ ಲಕೋಟೆಗೆ ಹಾಕುವುದು ಶಾಖೆಯಲ್ಲಿ ನನ್ನ ಕೆಲಸಗಳಲ್ಲೊಂದಾಗಿತ್ತು. ನೋಟೀಸು ಇಂಗ್ಲಿಷಿನಲ್ಲಿ. ಅದನ್ನು ಹಿಡಿದು ಕೌಂಟರಿಗೆ ಬರುತ್ತಿದ್ದವರಲ್ಲಿ ಅನೇಕರು ಕನ್ನಡ ಶಾಲೆಯಲ್ಲಿ ಓದಿದವರು. "ಅಣ್ಣಾ, ಏನು ಬರೆದಾರಿದ್ರಾಗ?" ನಾನೇ ಟೈಪು ಮಾಡಿದ್ದನ್ನು ನಾನೇ ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ಎಷ್ಟು ದಿನ, ಎಷ್ಟು ಬಡ್ಡಿ, ಗಾಡಿ ಯಾವಾಗ ಹೋಗುತ್ತದೆ. ಹಾಗೆ ಓದುವಾಗೆಲ್ಲ ಪರದೆಯ ಮೇಲೆ ಅಕ್ಷರ ಮೂಡಿಸುತ್ತಿದ್ದ ಆ 'ತಾಯಿ' ನೆನಪಾಗುತ್ತಿದ್ದಳು. ಅವಳೂ ಸುಳ್ಳು ಹೇಳಲಿಲ್ಲ. ಕೇಳಿದ್ದಕ್ಕೆ ಇದ್ದದ್ದನ್ನು ತೋರಿಸಿದಳು. ಭಾಷೆಯಿಲ್ಲದ ಜೀವಿಗಿಂತ, ಇಷ್ಟು ಶುದ್ಧವಾದ ಭಾಷೆಯಲ್ಲಿ ಮನುಷ್ಯನನ್ನು ಲೆಕ್ಕದಿಂದ ತೆಗೆದುಹಾಕುವ ಕಾಗದ ಹೆಚ್ಚು ಭಯಂಕರ ಎಂದು ನನಗೆ ತೋರಿದ್ದು ಆ ವರ್ಷಗಳಲ್ಲಿ.

ಈಗ ನಾನಿರುವುದು ಮಡಕಶಿರಾದಲ್ಲಿ. 2022ರ ಏಪ್ರಿಲ್‌ನಿಂದ ಇದು ಶ್ರೀ ಸತ್ಯಸಾಯಿ ಜಿಲ್ಲೆ. ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ನೊಳಂಬರ ರಾಜಧಾನಿ ಹೆಂಜೇರು, ಈಗಿನ ಹೇಮಾವತಿ, ಈ ಸೀಮೆಯಲ್ಲೇ ಇದೆ. ಇಲ್ಲಿಯ ಕನ್ನಡದಲ್ಲಿ ಬಳ್ಳಾರಿಯ ಖಾರವಿಲ್ಲ, ಶಿರಾ ಪಾವಗಡದ ಎಳೆತವಿದೆ. ಮೂರನೆಯ ಸಲ ಚಿತ್ರ ನೋಡಿದ್ದು ಇಲ್ಲಿ, ಹೈಸ್ಕೂಲು ಮುಗಿಸಿದ ಮಗಳ ಜೊತೆ, ಅವಳದೇ ಒತ್ತಾಯಕ್ಕೆ. 2024ರಲ್ಲಿ ಆ ಸರಣಿಯ 'ರೋಮ್ಯುಲಸ್' ಬಂದಿತ್ತು, ಮೊದಲನೆಯದನ್ನು ನೋಡಬೇಕೆಂದು ಅವಳ ಹಟ. ಹಸಿರಕ್ಷರದ ಹಳೆಯ ಗಣಕಯಂತ್ರ ಕಂಡು ಅವಳು ನಕ್ಕಳು. ಆಮೇಲೆ ನಗಲಿಲ್ಲ.

ಅವಳನ್ನು ಹಿಡಿದದ್ದು ರಿಪ್ಲಿ. ಮುಖಕ್ಕೆ ಜೀವಿ ಅಂಟಿದವನನ್ನು ಹೊತ್ತು ತಂದಾಗ ರಿಪ್ಲಿ ಬಾಗಿಲು ತೆಗೆಯುವುದಿಲ್ಲ. ರೋಗ ತಡೆಯ ನಿಯಮವಿದೆ, 24 ಗಂಟೆ ಹೊರಗಿರಬೇಕು, ಇಲ್ಲದಿದ್ದರೆ ಎಲ್ಲರೂ ಸಾಯುತ್ತೇವೆ ಎನ್ನುತ್ತಾಳೆ. ಹೊರಗೆ ನಿಂತವನು ಅವಳ ಮೇಲಧಿಕಾರಿ. ಆದರೂ ಬಗ್ಗುವುದಿಲ್ಲ. ಬಾಗಿಲು ತೆಗೆಯುವವನು ಆಶ್, ದಯೆಯ ಹೆಸರಿನಲ್ಲಿ. "ಅಪ್ಪಾ, ಅವಳು ಹೇಳಿದ್ದೇ ಸರಿ ಅಲ್ವಾ? ಯಾರೂ ಯಾಕೆ ಕೇಳಲಿಲ್ಲ?" ಎಂದಳು ಮಗಳು. ನಿಯಮ ಹೇಳುವವರನ್ನು ಕಲ್ಲೆದೆಯವರೆಂದು ಬೈಯುವ ಲೋಕ ಇದು. ಕೌಂಟರಿನ ಈಚೆ ಕೂತವನಿಗೆ ಅದು ಚೆನ್ನಾಗಿ ಗೊತ್ತು. ಆದರೆ ನಿಯಮದಲ್ಲೂ ಎರಡು ಬಗೆ. ಜನ ಬದುಕಲೆಂದು ಬರೆದದ್ದು ಒಂದು, ಜನ ಸತ್ತರೂ ಸರಕು ಬರಲೆಂದು ಬರೆದದ್ದು ಇನ್ನೊಂದು. ಎರಡೂ ಒಂದೇ ನೌಕೆಯಲ್ಲಿ, ಒಂದೇ ಕಂಪನಿಯ ಕಾಗದದಲ್ಲಿ ಇದ್ದವು. ಮಗಳಿಗೆ ನಾನು ಹೇಳಿದ್ದು ಇಷ್ಟೇ. ಮೊದಲ ಚಿತ್ರಕಥೆಯಲ್ಲಿ ಪಾತ್ರಗಳನ್ನು ಗಂಡೋ ಹೆಣ್ಣೋ ಯಾರಾದರೂ ಮಾಡಬಹುದೆಂದು ಬರೆದಿದ್ದರು, ಸಿಗೋರ್ನಿ ವೀವರ್ ಎಂಬ ಹೊಸ ನಟಿಗೆ ಅದು ದೊರಕಿತು ಎಂದಾಗ ಅವಳ ಮುಖ ಅರಳಿತು.

ಅಮೆರಿಕದವರು 2002ರಲ್ಲಿ ಈ ಚಿತ್ರವನ್ನು ತಮ್ಮ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿಸಿಕೊಂಡರು. 1986ರಿಂದ ಮುಂದುವರಿದ ಭಾಗಗಳು ಬರುತ್ತಲೇ ಇವೆ, 2025ರಲ್ಲಿ ಟೀವಿ ಧಾರಾವಾಹಿಯೂ ಬಂತು. ರಾಕ್ಷಸನೊಬ್ಬನಿಂದಲೇ ಒಂದು ಚಿತ್ರ ಇಷ್ಟು ಕಾಲ ಬಾಳುವುದಿಲ್ಲ. ರಬ್ಬರಿನ ರಾಕ್ಷಸರು ಎಷ್ಟೋ ಬಂದು ಹೋದರು. ಈ ರಾಕ್ಷಸನ ಬೆನ್ನಿಗೆ ಒಂದು ಕರಾರುಪತ್ರವಿದೆ, ಅದರಿಂದ ಇದು ಹಳತಾಗಲಿಲ್ಲ.

ಕೊನೆಯ ದೃಶ್ಯದಲ್ಲಿ ರಿಪ್ಲಿ ಒಂದು ವರದಿ ಒಪ್ಪಿಸುತ್ತಾಳೆ. ನೌಕೆ ಹೋಯಿತು, ಸರಕು ಹೋಯಿತು ಎನ್ನುತ್ತಾಳೆ. ಸತ್ತ ಆರು ಮಂದಿಯ ಹೆಸರನ್ನು ಒಂದೊಂದಾಗಿ ಹೇಳುತ್ತಾಳೆ, ಆ ಆಶ್ ಎಂಬ ಯಂತ್ರದ ಹೆಸರನ್ನೂ ಬಿಡುವುದಿಲ್ಲ. ಆಮೇಲೆ ತನ್ನ ಹೆಸರು. ಕಂಪನಿ ಲೆಕ್ಕದಿಂದ ತೆಗೆದವರನ್ನು ಅವಳು ಮತ್ತೆ ಲೆಕ್ಕಕ್ಕೆ ಬರೆಯುತ್ತಾಳೆ. ನಮ್ಮ ಕೆಂಪು ಧೂಳಿನ ವರ್ಷಗಳ ಬಗ್ಗೆ ಟನ್ನುಗಳ ಲೆಕ್ಕ, ಕೋಟಿಗಳ ಲೆಕ್ಕ ನಾನು ಬೇಕಾದಷ್ಟು ಓದಿದ್ದೇನೆ. ಲಾರಿಯವರ ಹೆಸರುಗಳ ಪಟ್ಟಿಯನ್ನು ಕನ್ನಡದಲ್ಲೂ ಓದಿಲ್ಲ, ತೆಲುಗಿನಲ್ಲೂ ಓದಿಲ್ಲ. ಗುಮಾಸ್ತನ ಕೈಯಲ್ಲಿ ಆಗುವ ಕೆಲಸ ಅದು. ನನ್ನ ನೆನಪಿನಲ್ಲಿರುವ ಹೆಸರುಗಳನ್ನು ಒಂದು ಹಳೆಯ ಲೆಡ್ಜರಿನ ಖಾಲಿ ಹಾಳೆಗಳಲ್ಲಿ ಬರೆಯತೊಡಗಿದ್ದೇನೆ, ಎರಡೂ ಲಿಪಿಗಳಲ್ಲಿ.