ಮಳೆ ನಿಂತ ಮೇಲೂ

2022ರ ಆಗಸ್ಟ್ ಕೊನೆಯ ವಾರದ ಮಳೆಯನ್ನು ರಾಮನಗರದವರು ಯಾರೂ ಮರೆತಿರಲಾರರು. ಕೆರೆಗಳು ಕೋಡಿ ಹರಿದವು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬಸ್ಸು, ಕಾರುಗಳು ನೀರಿನಲ್ಲಿ ಸಿಕ್ಕಿಕೊಂಡವು. ನಾನಾಗ ಎಂಟನೇ ತರಗತಿ. ನಮ್ಮದು ರೇಷ್ಮೆ ನೂಲು ಬಿಚ್ಚುವ ಮನೆ. ಅಬ್ಬಾ ಎಬ್ಬಿಸಿದಾಗ ನೀರು ಮಂಚದ ಮಟ್ಟಕ್ಕೆ ಬಂದಿತ್ತು. ತಮ್ಮನನ್ನು ಎತ್ತಿಕೊಂಡು, ದಾದಿಯ ಕೈ ಹಿಡಿದು ಪಕ್ಕದ ಮನೆಯ ಮಹಡಿ ಹತ್ತಿದೆವು. ಮಾರ್ಕೆಟ್ಟಿನಿಂದ ತಂದಿದ್ದ ಗೂಡೆಲ್ಲ ಕೆಳಗೆ ತೇಲುತ್ತಿತ್ತು. ಅಬ್ಬಾ ಅದನ್ನೇ ನೋಡುತ್ತ ನಿಂತಿದ್ದರು. ಒಂದು ಮಾತೂ ಆಡಲಿಲ್ಲ.

ನೀರು ಇಳಿಯಿತು. ಗೋಡೆಗೆ ಸುಣ್ಣ ಬಳಿದೆವು, ಮೆಷಿನ್ ರಿಪೇರಿ ಆಯಿತು. ಅಲ್ಲಾಹನ ದಯೆಯಿಂದ ನಮ್ಮಲ್ಲಿ ಯಾರ ಜೀವಕ್ಕೂ ಏನೂ ಆಗಲಿಲ್ಲ, ಇನ್ನು ಅದರ ಮಾತು ಬೇಡ ಎಂದು ಮನೆಯವರೆಲ್ಲ ಸುಮ್ಮನಾದೆವು. ಆದರೆ ನನ್ನ ದೇಹ ಸುಮ್ಮನಾಗಲಿಲ್ಲ. ಶೀಟಿನ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ಎದೆ ಹೊಡೆದುಕೊಳ್ಳುತ್ತಿತ್ತು, ಅಂಗೈ ಬೆವರುತ್ತಿತ್ತು, ಹೊಟ್ಟೆ ಹಿಂಡಿದಂತಾಗುತ್ತಿತ್ತು. ಡಾಕ್ಟರು ಪರೀಕ್ಷೆ ಮಾಡಿ ಏನೂ ತೊಂದರೆ ಇಲ್ಲ ಎಂದರು. ನೆರೆಯವರು ನಜರ್ ತಗುಲಿದೆ ಎಂದರು. ನಾನೇ ನಾಟಕ ಮಾಡುತ್ತಿದ್ದೇನೆಯೇ ಎಂದು ನನಗೇ ಅನುಮಾನ ಬಂತು.

ಪ್ರಥಮ ಪಿಯುಸಿಗೆ ಬಂದ ಮೇಲೆ ಜೀವಶಾಸ್ತ್ರದಲ್ಲಿ ಅಡ್ರಿನಲಿನ್ ಹಾರ್ಮೋನಿನ ಪಾಠ ನಡೆಯಿತು. ಅಪಾಯ ಬಂದಾಗ ಹೋರಾಡಲು ಅಥವಾ ಓಡಲು ದೇಹವನ್ನು ಅದು ಸಿದ್ಧಗೊಳಿಸುತ್ತದೆ. ಮೇಡಂ ಬೋರ್ಡಿನ ಮೇಲೆ ಪಟ್ಟಿ ಬರೆದರು: ಎದೆಬಡಿತ ಹೆಚ್ಚುವುದು, ಉಸಿರಾಟ ವೇಗವಾಗುವುದು, ಬೆವರುವುದು, ರೋಮ ನಿಮಿರುವುದು. ಅದು ನನ್ನದೇ ಪಟ್ಟಿ!

ತರಗತಿ ಮುಗಿದ ಮೇಲೆ ಕೇಳಿದೆ: "ಮೇಡಂ, ಅಪಾಯ ಹೋಗಿ ವರ್ಷಗಳಾದರೂ ಹೀಗಾಗುತ್ತದೆಯೇ?"

"ಆಗುತ್ತದಮ್ಮ" ಎಂದು ಕೂರಿಸಿಕೊಂಡು ವಿವರಿಸಿದರು. ಮಿದುಳಿನಲ್ಲಿ ಅಮಿಗ್ಡಲ ಎಂಬ ಪುಟ್ಟ ಭಾಗವಿದೆ. ಭಯದ ಗಳಿಗೆಯ ಸದ್ದು, ವಾಸನೆಗಳನ್ನು ನೆನಪಿಡುವುದರಲ್ಲಿ ಅದರ ಪಾತ್ರ ದೊಡ್ಡದು. ಅಂಥದೇ ಸದ್ದು ಮತ್ತೆ ಕೇಳಿದರೆ ನಾವು ಯೋಚಿಸುವ ಮೊದಲೇ ದೇಹಕ್ಕೆ ಎಚ್ಚರಿಕೆ ಹೋಗುತ್ತದೆ. ಆದ್ದರಿಂದಲೇ ಹೆದರಬೇಡ ಎಂದು ಬುದ್ಧಿ ಹೇಳಿದರೂ ಎದೆ ಕೇಳುವುದಿಲ್ಲ. ಎದೆಬಡಿತ ನಮ್ಮ ಮಾತು ಕೇಳದಿದ್ದರೂ ಉಸಿರು ಕೇಳುತ್ತದೆ. ಉಸಿರನ್ನು ನಿಧಾನವಾಗಿ ಬಿಟ್ಟಾಗ ವೇಗಸ್ ನರದ ಮೂಲಕ ಎದೆಬಡಿತವೂ ತಗ್ಗುತ್ತದೆ.

ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಪಾದ ಎರಡನ್ನೂ ನೆಲಕ್ಕೆ ಊರಿ, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳಿಕೊಳ್ಳುವುದು. ಮಳೆಯಿಲ್ಲದ ದಿನಗಳಲ್ಲೇ ಅಭ್ಯಾಸ ಮಾಡಿದೆ. ಅವಸರದಲ್ಲಿ ಮುಗಿಸುತ್ತಿದ್ದ ನಮಾಝನ್ನೂ ನಿಧಾನಿಸಿದೆ. ಸಜ್ದಾದಲ್ಲಿ ಹಣೆ ನೆಲಕ್ಕೆ ತಾಗಿದಾಗ ಉಸಿರು ತಗ್ಗುವುದು ತಿಳಿಯತೊಡಗಿತು. ಮುಂದಿನ ಮಳೆಗೂ ಎದೆ ಹೊಡೆದುಕೊಂಡಿತು. ಆದರೆ ರಾತ್ರಿಯಿಡೀ ಅಲ್ಲ, ಸ್ವಲ್ಪ ಹೊತ್ತು ಮಾತ್ರ.

ಇಷ್ಟೇ ಸಾಲದು, ಅನುಭವಸ್ಥರೊಂದಿಗೆ ಮಾತಾಡಬೇಕು ಎಂದು ಮೇಡಂ ಟೆಲಿ ಮಾನಸ್ ಸಂಖ್ಯೆ 14416 ಕೊಟ್ಟರು. ಆ ಪ್ರವಾಹದ ಮರು ತಿಂಗಳುಗಳಲ್ಲೇ, 2022ರ ಅಕ್ಟೋಬರ್ 10ರಂದು ಶುರುವಾದ ಈ ಉಚಿತ ಸೇವೆಗೆ ನಮ್ಮ ನಿಮ್ಹಾನ್ಸ್ ಮುಖ್ಯ ಕೇಂದ್ರ. ಹಗಲು ರಾತ್ರಿ ಎನ್ನದೆ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಆ ರಾತ್ರಿಯ ಕಥೆಯನ್ನು ಮೊದಲ ಬಾರಿಗೆ ಪೂರ್ತಿ ಹೇಳಿ ಅತ್ತೆ.

ದಾದಿಗೆ ಇದನ್ನೆಲ್ಲ ಹೇಳಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಗೂಡನ್ನು ಬಿಸಿನೀರಿಗೆ ಹಾಕದೆ ಎಳೆ ಎಳೆದರೆ ಬರುತ್ತದೆಯೇ? ಮೊದಲು ಅಂಟು ಬಿಡಬೇಕು ಬೇಟಿ" ಎಂದರು.

ಈಗ ನನ್ನ ಚಿಂತೆ ಅಬ್ಬಾನದು. ಮೋಡ ಕವಿದರೆ ಅವರು ಊಟ ಬಿಡುತ್ತಾರೆ, ಗ್ಯಾಸ್ಟ್ರಿಕ್ ಎನ್ನುತ್ತಾರೆ. ಕಳೆದ ವಾರ ಮಳೆ ಬಂದಾಗ ಪಕ್ಕದಲ್ಲಿ ಕುಳಿತು, "ಅಬ್ಬಾ, ನನ್ನ ಜೊತೆ ಎಣಿಸಿ" ಎಂದೆ. ನಕ್ಕರು. ಆದರೂ ಎಣಿಸಿದರು. 14416 ಎಂದು ಮೆಷಿನ್ ಪಕ್ಕದ ಗೋಡೆಯ ಮೇಲೆ ದೊಡ್ಡದಾಗಿ ಬರೆದಿದ್ದೇನೆ. ಇನ್ನೂ ಫೋನ್ ಮಾಡಿಲ್ಲ, ಅಳಿಸಿಯೂ ಇಲ್ಲ. ಮಾಡುತ್ತಾರೆ, ಇನ್‌ಶಾ ಅಲ್ಲಾಹ್.

— ಪ್ರಥಮ ಪಿಯುಸಿ ವಿದ್ಯಾರ್ಥಿನಿ, ವಿಜ್ಞಾನ ವಿಭಾಗ