ಜನ ಎಷ್ಟು ಸೇರಿದ್ದರು?

"ಕಬಡ್ಡಿಗೆ ಈಗ ಮೊದಲಿನಷ್ಟು ಜನವಿಲ್ಲ ಟೀಚರ್" ಎನ್ನುವ ಮಾತು ಕಲ್ಲಡ್ಕದ ಪೇಟೆಯಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಇಪ್ಪತ್ತೆಂಟು ವರ್ಷ ಹಾಜರಿ ಪುಸ್ತಕ ಬರೆದ ನನಗೆ ಅದನ್ನು ಹಾಗೇ ಒಪ್ಪಲು ಮನಸ್ಸಾಗುವುದಿಲ್ಲ. ಆಟಿಯ ಮಳೆಗೆ ತರಗತಿಯ ಅರ್ಧ ಬೆಂಚು ಖಾಲಿಯಾದರೆ ಮಕ್ಕಳಿಗೆ ಓದು ಬೇಡವಾಯಿತೆಂದು ಅರ್ಥವೇ? ತೋಡು ತುಂಬಿ ಹರಿದಿರುತ್ತದೆ, ಅಷ್ಟೆ.

ಲೆಕ್ಕ ಸುಳ್ಳು ಹೇಳುವುದಿಲ್ಲ. ಪೂರ್ತಿ ಹೇಳುವುದೂ ಇಲ್ಲ. ಪ್ರೊ ಕಬಡ್ಡಿಯಲ್ಲಿ ಬೆಂಗಳೂರು ಬುಲ್ಸ್ ತಂಡದ ತವರಿನ ಪಂದ್ಯಗಳು 2017ರಲ್ಲಿ ನಾಗಪುರದಲ್ಲಿ ನಡೆದವು, ಮರುವರ್ಷ ಪುಣೆಯಲ್ಲಿ. 2021ರ ಡಿಸೆಂಬರಿನಲ್ಲಿ ಆರಂಭವಾದ ಇಡೀ ಪಂದ್ಯಾವಳಿ ಬೆಂಗಳೂರಿನಲ್ಲೇ ನಡೆದರೂ ಕೊರೊನಾದ ದೆಸೆಯಿಂದ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಬರೀ ಅಂಕಿ ನೋಡಿದವರು ಬೆಂಗಳೂರಿಗರಿಗೆ ಕಬಡ್ಡಿ ಬೇಡವಾಯಿತು ಎನ್ನಬೇಕು! ಜನ ಟಿ.ವಿ. ಮುಂದೆ ಕೂತಿದ್ದರು.

ನನ್ನನ್ನು ಕಾಡುವುದು ಇನ್ನೊಂದು ಲೆಕ್ಕ. ಹುಡುಗರ ಪಂದ್ಯ ರಾತ್ರಿ, ಹೊನಲು ಬೆಳಕಿನಲ್ಲಿ. ನಾನು ಕರೆದೊಯ್ದ ಹುಡುಗಿಯರ ಪಂದ್ಯ ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ. ಆಮೇಲೆ "ಹೆಣ್ಮಕ್ಕಳ ಆಟಕ್ಕೆ ಜನ ಬರುವುದಿಲ್ಲ" ಎಂಬ ಷರಾ ಬೇರೆ. ಆ ಹೊತ್ತಿಗೆ ಅವರ ಅಮ್ಮಂದಿರು ಬೀಡಿ ಕಟ್ಟುತ್ತಲೋ ಅಡಿಕೆ ಹೆಕ್ಕುತ್ತಲೋ ಇರುತ್ತಾರೆ. ರಾತ್ರಿ ಬರೋಣವೆಂದರೆ ಕೂರಲು ಜಾಗ, ಮರಳಲು ಬಸ್ಸು ಬೇಡವೇ?

ಕಾರ್ಕಳ ಕಡೆಯ ಮಮತಾ ಪೂಜಾರಿ 2012ರಲ್ಲಿ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ. 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. ಅಂಥವರು ಆಡಿ ಬೆಳೆದ ನೆಲದಲ್ಲಿ ಹೆಣ್ಮಕ್ಕಳ ಕಬಡ್ಡಿ ನೋಡುವವರಿಲ್ಲವೆಂದರೆ ನಂಬುವುದು ಹೇಗೆ? ಒಂದು ವರ್ಷ ಅವರ ಪಂದ್ಯವನ್ನು ಸಂಜೆ ಆರಕ್ಕೆ ಇಡಲಿ. ಆಮೇಲೆ ತಲೆ ಎಣಿಸಲಿ.