ಅಟ್ಟದ ಮೇಲಣ ಕೋವಿ

ಶರವಣಂಪಟ್ಟಿಯ ನಮ್ಮ ಹಳೆಯ ಮನೆಯ ಅಟ್ಟದ ಮೇಲೆ ಒಂದು ಕೋವಿಯುಂಟು. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿವಸ, ಅದು ಕೆಳಗಿಳಿಯುವುದು. ನೇಗಿಲು, ಕುಡುಗೋಲು, ನೀರೆತ್ತುವ ಮೋಟಾರು ಇವುಗಳ ನಡುವೆ ಗೋಡೆಗೊರಗಿ ನಿಂತು, ಕುಂಕುಮ ಹೂಗಳನ್ನು ಪಡೆದು, ಮರುದಿನ ಮೇಲಕ್ಕೆ ಹೋಗುವುದು. ಟಿಪ್ಪೂ ಸುಲ್ತಾನನ ಪಡೆಯಲ್ಲಿದ್ದ ನಮ್ಮ ಹಿರಿಯರೊಬ್ಬರು ಗಜಲಹಟ್ಟಿಯ ಕಣಿವೆಯಿಳಿದು ಬರುವಾಗ ಅದನ್ನು ತಂದರೆಂದು ಮನೆಯ ಮಾತು. ಸತ್ಯಮಂಗಲದ ರಸ್ತೆಯ ಎರಡು ಮಗ್ಗುಲಲ್ಲಿಯೂ ಗಾಜಿನ ಗೋಡೆಯ ಕಚೇರಿಗಳು ಎದ್ದು ನಿಂತಿರುವ ಈ ದಿನಗಳಲ್ಲಿ, ನಮ್ಮ ಒಕ್ಕಲು ಮನೆಗಳೊಳಗೆ ಕನ್ನಡವು ಹೇಗೆ ಉಳಿದಿದೆಯೋ ಹಾಗೆಯೇ ಈ ಮಾತೂ ಉಳಿದುಕೊಂಡಿದ್ದಿತು. ಅದನ್ನು ಪರೀಕ್ಷಿಸಲು ಯಾರೂ ಹೋಗಿರಲಿಲ್ಲ.

ಹೋದ ವರ್ಷ ದೊಡ್ಡಪ್ಪನವರಿಗೆ ಒಂದು ಆಸೆ ಹುಟ್ಟಿತು. ಕೋವಿಯನ್ನು ಕುಲದೇವರ ಗುಡಿಯ ಮುಂದಣ ಮಂಟಪದಲ್ಲಿ ಗಾಜಿನ ಪೆಟ್ಟಿಗೆಯಲ್ಲಿರಿಸಿ, ಕೆಳಗೆ ಒಂದು ಫಲಕ ಬರೆಯಿಸಬೇಕೆಂಬುದು. "ಓದಿದವನು ನೀನು, ಬರೆದುಕೊಡು. ಆ ಅಜ್ಜನ ಹೆಸರೂ ಎಲ್ಲಿಯಾದರೂ ಸಿಕ್ಕೀತು, ನೋಡು" ಎಂದರು. ಎಂಬತ್ತೆಂಟು ವರ್ಷದ ಹಿರಿಯರ ಮಾತು, ಒಲ್ಲೆವೆನ್ನಲಾಗಲಿಲ್ಲ. ಕಾನೂನಿನ ಅಂಜಿಕೆಯೊಂದು ಇದ್ದಿತು. ಆದರೆ 1959ರ ಆಯುಧ ಶಾಸನದ 45ನೆಯ ಕಲಮು, ರಿಪೇರಿ ಮಾಡಿದರೂ ಹಾರಿಸಲು ಬಾರದ ಪುರಾತನ ಆಯುಧಗಳನ್ನು ಲೈಸೆನ್ಸಿನ ಕಟ್ಟಳೆಯಿಂದ ಹೊರಗಿಟ್ಟಿದೆ. ನಮ್ಮ ಕೋವಿಯ ನಳಿಗೆಯಲ್ಲಿ ಎರಡು ಕಡೆ ತೂತು ಬಿದ್ದಿದೆ. ಅದರಿಂದ ಗುಬ್ಬಿಯನ್ನು ಬೆದರಿಸುವುದೂ ಅಸಾಧ್ಯ.

ಮನೆಯವರು ಅದನ್ನು ರೈಫಲ್ ಎನ್ನುತ್ತಿದ್ದರು. ಅದು ರೈಫಲ್ ಅಲ್ಲ. ನಳಿಗೆಯ ಒಳಮೈಯಲ್ಲಿ ಸುರುಳಿಯ ಗೀರುಗಳಿದ್ದರೆ ರೈಫಲ್. ನಮ್ಮದರ ಒಳಮೈ ನುಣುಪು. ಚಕಮಕಿ ಕಲ್ಲಿನ ಕಿಡಿಯಿಂದ ಮದ್ದು ಹೊತ್ತುವ ಮಸ್ಕೆಟ್ ಅದು. (1857ರ ದಂಗೆಯ ಅನಂತರ ಕಂಪನಿಯ ಉತ್ತರಾಧಿಕಾರಿಗಳು ನಮ್ಮ ಸಿಪಾಯಿಗಳಿಗೆ ನೋಟಕ್ಕೆ ರೈಫಲಿನಂತೆಯೇ ಇದ್ದು ಒಳಗೆ ಗೀರಿಲ್ಲದ ಕೋವಿಗಳನ್ನು ಮಾಡಿಸಿ ಕೊಟ್ಟರು. ನಂಬಿಕೆ ಹೋದುದರ ಅಳತೆಯು ಹೀಗೂ ಇರುವುದುಂಟು.)

ಟಿಪ್ಪೂವಿನ ಕೋವಿಗಳ ಗುರುತುಗಳು ಅಡಗಿರತಕ್ಕವಲ್ಲ. ಶ್ರೀರಂಗಪಟ್ಟಣದ ಕಾರಖಾನೆಯಲ್ಲಿ ಆದವುಗಳ ಮೇಲೆ ಹುಲಿಯ ಪಟ್ಟೆಗಳ ಚಿತ್ತಾರವಿರುವುದು. ಅವನೇ ಹೊಸದಾಗಿ ತಂದ ಮೌಲೂದಿ ಶಕೆಯ ವರ್ಷವನ್ನು ಅಂಕೆಗಳು ಬಲದಿಂದ ಎಡಕ್ಕೆ ಸಾಗುವಂತೆ ಕೆತ್ತಿರುವರು. ಇವನ್ನೇ ಎದುರುನೋಡುತ್ತ ನಾವು ಕೊಬ್ಬರಿ ಎಣ್ಣೆಯಲ್ಲಿ ಬಟ್ಟೆ ನೆನೆಸಿ ಮೂರು ದಿನ ಉಜ್ಜಿದೆವು. ಕುದುರೆಯ ಬದಿಯ ಕಬ್ಬಿಣದ ತಗಡಿನಲ್ಲಿ ಮೊದಲು ಎದ್ದುದು ಹುಲಿಯ ಪಟ್ಟೆಯಲ್ಲ, ಒಂದು ಹೃದಯದ ಆಕಾರ. ಅದನ್ನು ಗೆರೆಗಳು ಭಾಗ ಮಾಡಿದ್ದವು. ಒಳಗೆ ವಿ, ಇ, ಐ, ಸಿ ಎಂಬ ಇಂಗ್ಲಿಷ್ ಅಕ್ಷರಗಳು. ಯು ಎಂಬುದನ್ನು ಅಂದಿನ ಕೆತ್ತನೆಯಲ್ಲಿ ವಿ ಎಂದೇ ಬರೆಯುತ್ತಿದ್ದರು. ಯುನೈಟೆಡ್ ಈಸ್ಟ್ ಇಂಡಿಯಾ ಕಂಪನಿ! 1808ರಲ್ಲಿ ಕಂಪನಿಯವರು ಈ ಹೃದಯವನ್ನು ಬಿಟ್ಟು ನಿಂತ ಸಿಂಹದ ಮುದ್ರೆಯನ್ನು ಹಿಡಿದರಾದುದರಿಂದ, ಕೋವಿ ಅದಕ್ಕೂ ಹಿಂದಿನದು. ಟಿಪ್ಪೂವಿನ ಕೋವಿಯೆಂದು ತಲೆಮಾರುಗಳಿಂದ ಕುಂಕುಮವಿಟ್ಟುದು ಅವನ ಶತ್ರುವಿನ ಕೋವಿಗೆ!

ದೊಡ್ಡಪ್ಪನವರಿಗೆ ಕೂಡಲೆ ಹೇಳಲಿಲ್ಲ. ಹೇಳಬೇಕಾದುದನ್ನು ಮುಂದೆ ಹಾಕುವುದಕ್ಕೆ ಓದಿದವರಿಗೆ ಸಂಶೋಧನೆಯೆಂಬ ಒಳ್ಳೆಯ ನೆವವಿದೆ. ನಾವು ಮದರಾಸಿಗೆ ಹೊರಟೆವು.

ಎಗ್ಮೂರಿನ ಕೆಂಪು ಕಟ್ಟಡದಲ್ಲಿ, ಹಿಂದೆ ಮದರಾಸು ರೆಕಾರ್ಡ್ ಆಫೀಸೆಂದಿದ್ದು ಈಗ ತಮಿಳುನಾಡು ಪತ್ರಾಗಾರವೆನಿಸಿರುವಲ್ಲಿ, ಕಂಪನಿಯ ಮಿಲಿಟರಿ ಇಲಾಖೆಯ ಸಂಪುಟಗಳಿವೆ. ಕಾಗದ ಹಪ್ಪಳದಂತಾಗಿದೆ, ಪುಟ ತಿರುವುವಾಗ ಉಸಿರು ಬಿಗಿಹಿಡಿಯಬೇಕು. ಅಲ್ಲಿ ಕೋವಿಗಳಿಗೆ ಬರವಿಲ್ಲ. ಎಷ್ಟು ಬಂದವು, ಎಷ್ಟು ಕೆಟ್ಟವು, ಎಷ್ಟು ರಿಪೇರಿಗೆ ತಕ್ಕವು ಎಂದು ಎಣಿಸಿದ್ದಾರೆ. ಆದರೆ ಈ ಕೋವಿ ಈ ಮನುಷ್ಯನಿಗೆ ಎಂಬ ಸಾಲು ನಮ್ಮ ಕಣ್ಣಿಗೆ ಒಂದೂ ಬೀಳಲಿಲ್ಲ. ಬೀಳುವುದಾದರೂ ಹೇಗೆ? ಆ ಕಾಲದ ಕೋವಿಯ ಮೇಲೆ ಮಾಡಿದವನ ಹೆಸರಿದೆ, ಮಾಡಿಸಿದ ಕಂಪನಿಯ ಗುರುತಿದೆ. ಹಿಡಿದವನನ್ನು ತೋರಿಸುವ ನಂಬರಿಲ್ಲ.

ಈಚಿನ ಕೋವಿಗಳ ಹಣೆಬರಹ ಬೇರೆ. ನಮ್ಮ ಬೀದಿಯ ನಿವೃತ್ತ ಸಿಪಾಯಿಯೊಬ್ಬರಿಗೆ ಮೊಮ್ಮಕ್ಕಳ ಹೆಸರು ತಪ್ಪುವುದುಂಟು, ತಮ್ಮ ರೈಫಲಿನ ಬಟ್ ನಂಬರು ತಪ್ಪುವುದಿಲ್ಲ. ಅಮೆರಿಕದಲ್ಲಿ ವಾಷಿಂಗ್ಟನ್ನಿನ ಕಡತಗಳಿಂದ ಸೇನೆಯ ರೈಫಲುಗಳ ನಂಬರುಗಳನ್ನು ಹೆಕ್ಕಿ, ಯಾವ ನಂಬರು ಯಾವ ತುಕಡಿಗೆ ಹೋಯಿತೆಂಬುದನ್ನು ಪಟ್ಟಿಮಾಡಿ ಅಚ್ಚು ಹಾಕಿಸಿದವರಿದ್ದಾರೆ. ಇವೆಲ್ಲವನ್ನೂ ಮೀರಿಸಿದುದು ಸ್ವಿಟ್ಜರ್ಲೆಂಡಿನ ರೂಢಿ. ಅಲ್ಲಿಯ 1931ರ ಮಾದರಿಯ ರೈಫಲಿನಲ್ಲಿ, ಹೆಗಲಿಗಾನುವ ತುದಿಯ ಕಬ್ಬಿಣದ ತಗಡನ್ನು ಬಿಚ್ಚಿದರೆ, ಒಳಗೆ ಅನೇಕ ವೇಳೆ ಮಡಿಸಿಟ್ಟ ಚೀಟಿಯೊಂದು ದೊರೆಯುವುದು: ಸೈನಿಕನ ಹೆಸರು, ತುಕಡಿ, ಊರು. ಇದನ್ನು ತಿಳಿದ ಮೇಲೆ ನಾವೂ ನಮ್ಮ ಕೋವಿಯ ಹಿತ್ತಾಳೆಯ ತಗಡನ್ನು ಬಿಚ್ಚಿಸಿದೆವೆಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಒಳಗಿದ್ದುದು ಗೆದ್ದಲಿನ ಮಣ್ಣು.

ಉಳಿದುದು ಇಸವಿ. ತಗಡಿನ ಹಿಂತುದಿಯಲ್ಲಿ ಒಂದು, ಏಳು, ಒಂಬತ್ತು ಎಂಬ ಮೂರು ಅಂಕೆಗಳು ಸ್ಪಷ್ಟವಾಗಿವೆ. ನಾಲ್ಕನೆಯದನ್ನು ತುಕ್ಕು ತಿಂದಿದೆ. ಎಲ್ಲವೂ ಆ ಒಂದು ಅಂಕೆಯಲ್ಲಿ ಕುಳಿತಿದೆ. 1790ರ ಜುಲೈಯಲ್ಲಿ ಜನರಲ್ ಮೆಡೋಸನು ಕೊಯಮತ್ತೂರನ್ನು ಹಿಡಿದನು. ಸೆಪ್ಟೆಂಬರಿನಲ್ಲಿ ಟಿಪ್ಪೂ ಗಜಲಹಟ್ಟಿಯಿಂದಿಳಿದು ಸತ್ಯಮಂಗಲದ ಬಳಿ ಕರ್ನಲ್ ಫ್ಲಾಯ್ಡನ ಮೇಲೆ ಬಿದ್ದನು. 1791ರ ಜೂನಿನಲ್ಲಿ ಕೊಯಮತ್ತೂರಿನ ಕೋಟೆಗೆ ಮೈಸೂರಿನವರ ಮುತ್ತಿಗೆ. ಲೆಫ್ಟಿನೆಂಟ್ ಚಾಮರ್ಸನು ತಿರುವಾಂಕೂರಿನ ಸಿಪಾಯಿಗಳೊಡನೆ ಅದನ್ನು ತಡೆದನು. ಕಮರುದ್ದೀನ್ ಖಾನನು ಮತ್ತೆ ಮುತ್ತಿದಾಗ, ನವೆಂಬರಿನಲ್ಲಿ, ಕೋಟೆ ಶರಣಾಯಿತು; ಸೆರೆಯಾದವರನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು. ಶರಣಾದವರ ಆಯುಧ ಗೆದ್ದವರ ಪಾಲಾಗುವುದು ಯುದ್ಧದ ರೂಢಿ. ಆದುದರಿಂದ ನಾಲ್ಕನೆಯ ಅಂಕೆ ಸೊನ್ನೆಯಾಗಿದ್ದಲ್ಲಿ, ಲಂಡನ್ನಿನಲ್ಲಿ ಹುಟ್ಟಿದ ಕೋವಿ ಮರುವರ್ಷದ ಸುಗ್ಗಿಯ ಹೊತ್ತಿಗೆ ಮೈಸೂರಿನ ಸಿಪಾಯಿಯ ಹೆಗಲೇರಿರಬಹುದು. ಮನೆಯ ಮಾತು ನಿಲ್ಲುತ್ತದೆ. ಏಳೋ ಎಂಟೋ ಆಗಿದ್ದರೆ? 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ನಮ್ಮ ಸೀಮೆ ಕಂಪನಿಯ ಕೈಸೇರಿದ ಮೇಲೆ, ಆ ಅಜ್ಜನು ಕಂಪನಿಯ ಸಂಬಳ ತಿಂದನೆನ್ನಬೇಕಾಗುತ್ತದೆ. ಭೂತಗನ್ನಡಿಯಿಟ್ಟು ನೋಡಿದಾಗ ತುಕ್ಕಿನ ಕಲೆ ಒಮ್ಮೆ ದುಂಡಗೆ ಕಾಣುತ್ತಿದ್ದಿತು, ಒಮ್ಮೆ ಮೊನಚಾಗಿ. ದುಂಡಗೆ ಕಂಡಾಗಲೆಲ್ಲ ನಮ್ಮ ಮನಸ್ಸು ಹಿಗ್ಗುತ್ತಿದ್ದುದನ್ನು ಗಮನಿಸಿ, ಭೂತಗನ್ನಡಿಯನ್ನು ಕೆಳಗಿಟ್ಟೆವು.

ಕೊನೆಗೆ ದೊಡ್ಡಪ್ಪನವರಿಗೆ ಎಲ್ಲವನ್ನೂ ಹೇಳಿದೆವು. ಅವರು ಸಿಟ್ಟಾಗಲಿಲ್ಲ. ಬಹಳ ಹೊತ್ತು ಆ ಹೃದಯದ ಮುದ್ರೆಯ ಮೇಲೆ ಹೆಬ್ಬೆರಳಾಡಿಸಿ, "ಹೆಸರು ಸಿಕ್ಕಲಿಲ್ಲವೇ?" ಎಂದರು.

"ಇಲ್ಲ, ದೊಡ್ಡಪ್ಪ."

"ಅಷ್ಟು ದೂರ ಹೋಗಿಯೂ?"

"ಅವರು ಕೋವಿಗಳನ್ನು ಮಾತ್ರ ಎಣಿಸಿದ್ದಾರೆ."

ಅವರು ಇನ್ನೇನನ್ನೂ ಕೇಳಲಿಲ್ಲ. ಮರುದಿನ ಬೆಳಗ್ಗೆ, ಟಿಪ್ಪೂವಿನ ಹೆಸರು ಬೇಡ, ಕಂಪನಿಯ ಹೆಸರೂ ಬೇಡ, ಕೋವಿ ನಮ್ಮ ಮನೆಯದೆಂದೂ ಇಸವಿಯನ್ನೂ ಬರೆದರೆ ಸಾಕೆಂದು ಹೇಳಿಕಳುಹಿಸಿದರು. ಬೋರ್ಡು ಬರೆಯುವಾತನು ನಾಲ್ಕನೆಯ ಅಂಕೆ ಯಾವುದೆಂದು ಎರಡು ಬಾರಿ ಕೇಳಿದನು. ಮೂರು ಅಂಕೆ ಬರೆದು ಒಂದಕ್ಕೆ ಜಾಗ ಬಿಡುವಂತೆ ಹೇಳಿದೆವು. ಆತನು ನಮ್ಮ ಮುಖವನ್ನೊಮ್ಮೆ ನೋಡಿ, ಹಾಗೆಯೇ ಮಾಡಿದನು; ಕೂಲಿಯಲ್ಲಿ ಒಂದಂಕೆಯ ಕಾಸನ್ನೇನೂ ಬಿಡಲಿಲ್ಲ.